ಬಾಡಿಗೆದಾರರ ಮೇಲೆ ನೆರೆಯವರ ದೂರು: ಹೊಸೂರಿನ ಮನೆ ಮಾಲೀಕರ ಮುಂದಿರುವ ದಾರಿ

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ವಲಯದ ಸುತ್ತಲಿನ ಬಡಾವಣೆಗಳಲ್ಲಿ, ಹಿತ್ತಲಲ್ಲಿ ಎರಡು ಕೋಣೆ ಕಟ್ಟಿಸಿ ಅದರ ಬಾಡಿಗೆಯಿಂದಲೇ ಸಂಸಾರ ತೂಗಿಸುವ ಕನ್ನಡ ಕುಟುಂಬಗಳಿವೆ. ಬಾಡಿಗೆದಾರನೊಬ್ಬ ರಾತ್ರಿಯ ವೇಳೆ 14.2 ಕೆ.ಜಿ. ಸಿಲಿಂಡರಿನಿಂದ ಸಣ್ಣ ಸಿಲಿಂಡರುಗಳಿಗೆ ಅನಿಲ ತುಂಬಿಸುತ್ತಾನೆಂದು ಓಣಿಯವರು ಬಂದು ಹೇಳಿದರೆ, ಅಂತಹ ಮಾಲೀಕರು ಏನು ಮಾಡಬೇಕು?

ಸಾಮಾನ್ಯವಾಗಿ ನಡೆಯುವುದು ಇದು: ಕರೆಂಟ್ ಕಡಿಯುವುದು, ನೀರು ನಿಲ್ಲಿಸುವುದು, ಆತ ಕೆಲಸಕ್ಕೆ ಹೋದಾಗ ಬೀಗ ಬದಲಿಸುವುದು. ಇದರಿಂದ ಓಣಿಯ ಅಪಾಯ ತಪ್ಪುವುದು ಹಾಗಿರಲಿ, ದೂರು ಮಾಲೀಕರ ಮೇಲೆಯೇ ತಿರುಗುತ್ತದೆ. 2019ರ ಫೆಬ್ರವರಿ 22ರಂದು ಜಾರಿಗೆ ಬಂದ ತಮಿಳುನಾಡಿನ 2017ರ ಬಾಡಿಗೆ ಕಾಯಿದೆಯು ಅಗತ್ಯ ಸೇವೆಗಳ ಕಡಿತವನ್ನು ನಿಷೇಧಿಸಿದೆ. ಅವನ್ನು ಮರಳಿ ಕೊಡುವಂತೆ ಬಾಡಿಗೆ ಪ್ರಾಧಿಕಾರವು ಆದೇಶಿಸಬಹುದು.

ಅದೇ ಕಾಯಿದೆಯ 21ನೆಯ ಪ್ರಕರಣ ಮಾಲೀಕರ ಕೈಗೂ ಆಯುಧವನ್ನಿತ್ತಿದೆ. ಸಾರ್ವಜನಿಕ ಉಪದ್ರವ, ಕಟ್ಟಡಕ್ಕೆ ಹಾನಿ, ಕಾನೂನುಬಾಹಿರ ಬಳಕೆ ಇವೆಲ್ಲ ‘ದುರ್ಬಳಕೆ’ಯೆನಿಸುತ್ತವೆ. ಅದನ್ನು ನಿಲ್ಲಿಸುವಂತೆ ನೋಟಿಸು ಕೊಟ್ಟ ಮೇಲೂ ಮುಂದುವರಿಸಿದರೆ ಬಾಡಿಗೆ ನ್ಯಾಯಾಲಯದಲ್ಲಿ ತೆರವು ಕೋರಬಹುದು. ಆದ್ದರಿಂದ ನೆರೆಯವರ ದೂರು ಬಾಯಿಮಾತಿನಲ್ಲಿ ಉಳಿಯಬಾರದು. ಯಾವ ದಿನ, ಎಷ್ಟು ಹೊತ್ತಿಗೆ, ಏನನ್ನು ಕಂಡರೆಂದು ಬರೆಸಿ, ಸಹಿ ಹಾಕಿಸಿಕೊಳ್ಳಬೇಕು. ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಕಾಪಿಡಬೇಕು. ಅನಿಲದ ವಾಸನೆಯೇ ಬಂದಾಗ ಮಾತ್ರ ನೋಟಿಸಿನ ಉತ್ತರಕ್ಕೆ ಕಾಯುವಂತಿಲ್ಲ. ಕೂಡಲೇ ಅಗ್ನಿಶಾಮಕ ದಳಕ್ಕೆ 101, ಇಲ್ಲವೇ 112ಕ್ಕೆ ಕರೆ ಮಾಡಬೇಕು.

ನಮ್ಮವರು ಎಡವುವುದು ಇನ್ನೊಂದೆಡೆ. ಕಾಯಿದೆಯು ಲಿಖಿತ ಕರಾರನ್ನೂ ಪ್ರಾಧಿಕಾರದಲ್ಲಿ ಅದರ ನೋಂದಣಿಯನ್ನೂ ಬಯಸುತ್ತದೆ. ಕರಾರು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ; ಓದದೆ ಸಹಿ ಹಾಕುತ್ತೇವೆ. ಶಾಲೆಯಲ್ಲಿ ತಮಿಳು ಕಲಿತ ಹತ್ತು ವರ್ಷದ ಮಗುವಿನಿಂದ ಓದಿಸಿಕೊಳ್ಳುವವರೂ ಇದ್ದಾರೆ. ಇದು ಮಗುವಿನ ಮೇಲೆ ಹೊರಿಸುವ ಭಾರವಲ್ಲ. ಸಂವಿಧಾನದ 350ನೆಯ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ಒಕ್ಕೂಟದ ಇಲ್ಲವೇ ರಾಜ್ಯದ ಯಾವುದೇ ಅಧಿಕಾರಿಗೆ ಕ್ರಮವಾಗಿ ಒಕ್ಕೂಟದಲ್ಲಿ ಇಲ್ಲವೇ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಕನ್ನಡವೂ ಅದರಲ್ಲಿ ಸೇರಿದೆ. ಉತ್ತರವು ಕನ್ನಡದಲ್ಲೇ ಬರಬೇಕೆಂಬ ಕಟ್ಟಳೆ ಆ ವಿಧಿಯಲ್ಲಿಲ್ಲ. ಆದುದರಿಂದ ಕನ್ನಡದ ಮನವಿಗೆ ತಮಿಳು ಪ್ರತಿಯೊಂದನ್ನು ಲಗತ್ತಿಸುವುದು ಜಾಣತನ.

ಎಲ್ಲ ದೂರುಗಳೂ ಸುರಕ್ಷತೆಯವೇ ಎಂದು ನಂಬುವುದೂ ಸಲ್ಲದು. ಒಡಿಶಾ, ಬಿಹಾರಗಳಿಂದ ಬಂದ ಕಾರ್ಮಿಕರು ಒಂದೇ ಕೋಣೆಯಲ್ಲಿ ಐದಾರು ಮಂದಿ ಇದ್ದರೆ, ಅವರ ಅಡುಗೆಯ ವಾಸನೆ, ತಿಳಿಯದ ಮಾತು ಇಷ್ಟೇ ‘ಭಯ’ಕ್ಕೆ ಸಾಕಾಗುತ್ತದೆ. ಭಾಷೆಯ ಕಾರಣಕ್ಕೆ ಕಚೇರಿಗಳಲ್ಲಿ ಪರಕೀಯರಂತೆ ನಿಂತು ಬಂದ ನಾವು ಇದನ್ನು ಬೇಗ ಗುರುತಿಸಬೇಕು. ಹಾಗೆ ದೂರುವವರನ್ನು ‘ಅವರು ಮಾಡಿದ್ದೇನು?’ ಎಂದು ಕೇಳಿದರೆ ಸಾಕು. ಉತ್ತರದಲ್ಲಿ ಕೃತ್ಯವೊಂದಿಲ್ಲದಿದ್ದರೆ ನೋಟಿಸಿಗೂ ಆಧಾರವಿಲ್ಲ.

ಬಾಡಿಗೆದಾರರಲ್ಲಿ ನಮ್ಮ ಕನ್ನಡ ಶಾಲೆಗಳ ಪೋಷಕರೂ ಇದ್ದಾರೆ. ನಡುವರ್ಷದಲ್ಲಿ ಮನೆ ಬಿಡಿಸಿದರೆ ಮಗು ಹತ್ತಿರದ ಬೇರೆ ಮಾಧ್ಯಮದ ಶಾಲೆಗೆ ಸೇರುತ್ತದೆ, ನಮ್ಮ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಅಳಿಯುತ್ತದೆ. ಅನಿಲ ತುಂಬಿಸುವುದು ನೋಟಿಸಿನಿಂದಲೇ ನಿಂತರೆ, ಆ ಕುಟುಂಬ ಏಪ್ರಿಲ್‌ವರೆಗೆ ಅಲ್ಲೇ ಇರಲು ಅಡ್ಡಿಯೇನು?