ಬಾಕಿ ಆಟಗಳ ಲೆಡ್ಜರು

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಜೂನ್ 30, ಡಿಸೆಂಬರ್ 31 ಎಂದರೆ ಇವತ್ತಿಗೂ ಎದೆ ಸ್ವಲ್ಪ ಜೋರಾಗಿ ಹೊಡೆದುಕೊಳ್ಳುತ್ತದೆ. ಅರ್ಧ ವರ್ಷದ ಲೆಕ್ಕ ಮುಗಿಸುವ ದಿನಗಳು ಅವು. ಕಂಪ್ಯೂಟರ್ ಬರುವ ಮೊದಲು ಉಳಿತಾಯ ಖಾತೆಯ ಲೆಡ್ಜರುಗಳನ್ನು ಹರವಿಕೊಂಡು, ಒಂದೊಂದು ಖಾತೆಗೂ ಕೈಯಲ್ಲೇ ಬಡ್ಡಿ ಹಾಕಿ, ಕೂಡಿಸಿ, ಜನರಲ್ ಲೆಡ್ಜರಿನ ಮೊತ್ತಕ್ಕೆ ತಾಳೆ ನೋಡಬೇಕಿತ್ತು. ಹದಿನೇಳು ಪೈಸೆ ಹೆಚ್ಚುಕಮ್ಮಿ ಬಂದರೂ ರಾತ್ರಿ ಹನ್ನೊಂದರವರೆಗೆ ಹುಡುಕಾಟ.

ನನ್ನ ಮಗನಿಗೂ ಅದೇ ತಾರೀಖುಗಳ ಆಸುಪಾಸಿನಲ್ಲಿ ಎದೆ ಹೊಡೆದುಕೊಳ್ಳುತ್ತದೆ. ಕಾರಣ ಬೇರೆ. ಸ್ಟೀಮ್ ಎಂದೊಂದು ಅಂಗಡಿ ಇದೆ. ಅಮೆರಿಕದ ವಾಲ್ವ್ ಎಂಬ ಕಂಪನಿ 2003ರಲ್ಲಿ ಶುರು ಮಾಡಿದ್ದು. ಕಂಪ್ಯೂಟರಿನಲ್ಲಿ ಆಡುವ ವಿಡಿಯೋ ಗೇಮುಗಳನ್ನು ಅಂತರ್ಜಾಲದಲ್ಲೇ ಮಾರುತ್ತದೆ. ಜೂನ್ ಕೊನೆಗೆ ಬೇಸಿಗೆ ಸೇಲ್, ಡಿಸೆಂಬರ್ ಕೊನೆಗೆ ಚಳಿಗಾಲದ ಸೇಲ್. ಎರಡು ಸಾವಿರದ ಆಟ ಐನೂರಕ್ಕೆ ಸಿಕ್ಕಿದರೆ ಬಿಡುವವರು ಯಾರು? ಸೀರೆ ಅಂಗಡಿಯ ಆಷಾಢ ಸೇಲಿನ ಮುಂದೆ ನಿಂತವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ. ಸೀರೆಯನ್ನಾದರೂ ಒಂದು ಮದುವೆಗೆ ಉಟ್ಟುಬಿಡಬಹುದು. ಆಟಕ್ಕೆ ಹೊತ್ತು ಬೇಕು. ಅದೇ ನಮ್ಮ ಮನೆಯಲ್ಲಿಲ್ಲ.

ನಮ್ಮ ಮನೆಯ ದಿನಚರಿ ಕೇಳಿ. ಬೆಳಿಗ್ಗೆ ಐದೂವರೆಗೆ ಕಾವೇರಿ ನೀರು ಬರುತ್ತದೆ, ಸಂಪು ತುಂಬಿಸಬೇಕು. ಎಂಟು ಹತ್ತಕ್ಕೆ ಸ್ಕೂಲ್ ವ್ಯಾನು. ಮೊಮ್ಮಗನಿಗೆ ಒಂಬತ್ತು, ಪುಟ್ಟಿಗೆ ಐದು. ಒಬ್ಬನ ಷೂ ಸಿಕ್ಕಿದರೆ ಇನ್ನೊಬ್ಬಳ ಸಾಕ್ಸ್ ಸಿಗುವುದಿಲ್ಲ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಸಿಲ್ಕ್ ಬೋರ್ಡಿನ ಜಾಮು ದಾಟಿ ಮಗ ಮನೆ ಮುಟ್ಟುವಾಗ ಏಳು ಮುಕ್ಕಾಲು. ಆಮೇಲೆ ಹೋಂವರ್ಕು, ಊಟ, ಪಾತ್ರೆ, ನಾಳೆಯ ಪಲ್ಯಕ್ಕೆ ಹುರುಳಿಕಾಯಿ ಬಿಡಿಸುವುದು. ಶನಿವಾರ ನನ್ನವಳ ಮೊಣಕಾಲಿಗೆ ಫಿಸಿಯೋಥೆರಪಿ, ಮೊಮ್ಮಗನ ಈಜು. ರಾತ್ರಿ ಹತ್ತೂಕಾಲಿಗೆ ಮಗ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಕೂರುತ್ತಾನೆ. ಆಟ ತೆರೆದರೆ, ಮೊದಲು ಅಪ್‌ಡೇಟ್ ಆಗಬೇಕು ಅನ್ನುತ್ತದೆ. ಅದು ನೂರಕ್ಕೆ ಮೂವತ್ತಾಗುವಷ್ಟರಲ್ಲಿ ಇವನು ಕಂಟ್ರೋಲರ್ ಕೈಯಲ್ಲೇ ಹಿಡಿದು ಗೊರಕೆ ಹೊಡೆಯುತ್ತಿರುತ್ತಾನೆ.

ಇದೇ ಹುಡುಗ ತೊಂಬತ್ತರ ದಶಕದಲ್ಲಿ ಹೇಗೆ ಆಡುತ್ತಿದ್ದ! ಟಿವಿಗೆ ಸಿಕ್ಕಿಸುವ ಗೇಮು, ಅದಕ್ಕೊಂದು ಕ್ಯಾಸೆಟ್. ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ಹಾಕಿ ನೋಡಿದರೆ ಹತ್ತಿಪ್ಪತ್ತು ಆಟಗಳೇ ಬೇರೆ ಬೇರೆ ನಂಬರಿನಲ್ಲಿ ತಿರುಗಾ ಮುರುಗಾ ಬರುತ್ತಿದ್ದವು. ಮಾರಿಯೋ ಇತ್ತು. 1985ರ ಆ ಆಟದಲ್ಲಿ, ಆಡಿದ್ದನ್ನು ಉಳಿಸಿಡುವ ವ್ಯವಸ್ಥೆ ಇರಲಿಲ್ಲ. ಏಳನೇ ಲೋಕದವರೆಗೆ ಹೋಗಿ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಬೇಸಿಗೆ ರಜೆಯೆಲ್ಲ ಆಡಿ, ಇಡೀ ಓಣಿಯ ಹುಡುಗರನ್ನು ಕೂರಿಸಿಕೊಂಡು ಮುಗಿಸಿದ. ಅವತ್ತು ಒಂದು ಕ್ಯಾಸೆಟ್ಟು, ಎರಡು ತಿಂಗಳ ರಜೆ. ಇವತ್ತು 187 ಆಟ, ರಜೆ ಇಲ್ಲ.

187 ಅನ್ನುವುದು ಅಂದಾಜಲ್ಲ, ನಾನೇ ಎಣಿಸಿದ್ದು. ಯುಗಾದಿ ಕಳೆದ ಮೇಲೆ ಒಂದು ರಾತ್ರಿ ಹಾಲಿನಲ್ಲಿ ಮಾತು ಸ್ವಲ್ಪ ಏರಿತು. ‘ಅಷ್ಟೊಂದು ಆಟ ಕೊಳ್ಳೋಕೆ ಆಗುತ್ತೆ, ಅರ್ಧ ಗಂಟೆ ನನ್ನ ಜೊತೆ ಕೂತು ಮಾತಾಡೋಕೆ ಆಗಲ್ಲ’ ಅಂದಳು ಸೊಸೆ. ಅವಳದು ದುಡ್ಡಿನ ತಕರಾರಲ್ಲ. ಒಂದೆರಡು ವರ್ಷದಿಂದ ಅವರಿಬ್ಬರ ನಡುವೆ ನಡೆಯುತ್ತಿದ್ದ ಮಾತೆಂದರೆ ಹಾಲು, ಫೀಸು, ವ್ಯಾನು, ಇಎಂಐ. ಮಗ ಉತ್ತರ ಕೊಡಲಿಲ್ಲ. ಮಾರನೆಯ ದಿನ ನನ್ನ ಜೊತೆ ಸಂಪಿನ ಹತ್ತಿರ ನಿಂತಾಗ ಹೇಳಿದ: ‘ಕೊಂಡ ಹೊತ್ತಲ್ಲಿ ಒಂದು ಶನಿವಾರ ಪೂರ್ತಿ ನನಗೇ ಸಿಕ್ಕಿದ ಹಾಗೆ ಅನ್ನಿಸುತ್ತೆ ಅಪ್ಪ. ಈಗ ಆ ಪಟ್ಟಿ ನೋಡಿದರೆ ಭಯ. ಎಲ್ಲಾ ಮುಚ್ಚಿಬಿಡ್ತೀನಿ.’

ಖಾತೆ ಮುಚ್ಚುವ ಮೊದಲು ಬ್ಯಾಲೆನ್ಸ್ ನೋಡಬೇಕಲ್ಲವೇ? ನಾನೊಂದು ಉದ್ದನೆಯ ಪುಸ್ತಕ ತಂದೆ. ಗೆರೆ ಎಳೆದೆ. ಆಟದ ಹೆಸರು, ಕೊಂಡ ವರ್ಷ, ಕೊಟ್ಟ ಬೆಲೆ, ಆಡಿದ ಗಂಟೆ, ಮುಗಿಸಲು ಬೇಕಾದ ಗಂಟೆ. ಆಡಿದ ಗಂಟೆಯನ್ನು ಸ್ಟೀಮೇ ತೋರಿಸುತ್ತದೆ. ಬೇಕಾದ ಗಂಟೆಗೆ ‘ಹೌ ಲಾಂಗ್ ಟು ಬೀಟ್’ ಎಂಬ ತಾಣವಿದೆ. ಆಡಿ ಮುಗಿಸಿದವರು ತಮಗೆ ಎಷ್ಟು ಹೊತ್ತು ಹಿಡಿಯಿತೆಂದು ಅಲ್ಲಿ ದಾಖಲಿಸುತ್ತಾರೆ. ಎರಡು ಮಧ್ಯಾಹ್ನ ಹಿಡಿಯಿತು. 187ರಲ್ಲಿ ತೆರೆದದ್ದು 61, ಮುಗಿಸಿದ್ದು 23. ತೆರೆಯದೇ ಇರುವುದು 126.

ಮಕ್ಕಳೇ, ಈ ಲೆಕ್ಕವನ್ನು ನೀವೂ ಪೆನ್ಸಿಲ್ ಹಿಡಿದು ಮಾಡಿ. ಒಂದು ಆಟಕ್ಕೆ ಸರಾಸರಿ 12 ಗಂಟೆ ಅನ್ನಿ. 126 ಆಟಕ್ಕೆ 1512 ಗಂಟೆ. ನಮ್ಮ ಮನೆಯಲ್ಲಿ ವಾರಕ್ಕೆ ಸಿಗುವುದು ಹೆಚ್ಚೆಂದರೆ 3 ಗಂಟೆ. ಅಂದರೆ 504 ವಾರ. ಒಂಬತ್ತು ವರ್ಷ ಎಂಟು ತಿಂಗಳು. ಇರಲಿ ಎನ್ನೋಣ. ಆದರೆ ವರ್ಷಕ್ಕೆ ಎರಡು ಸೇಲ್, ಸೇಲಿಗೆ ಐದರ ಹಾಗೆ ಹತ್ತು ಹೊಸ ಆಟ ಬಂದು ಸೇರುತ್ತವೆ. ವರ್ಷದ 156 ಗಂಟೆಯಲ್ಲಿ ಮುಗಿಯುವುದು 13 ಆಟ, ಬರುವುದು 10. ನಿವ್ವಳ ಇಳಿಕೆ ಮೂರೇ ಮೂರು. 126ನ್ನು ಮೂರರಿಂದ ಭಾಗಿಸಿದರೆ 42 ವರ್ಷ. ಮಗನಿಗೆ ಈಗ 41. ಕೊನೆಯ ಆಟ ಮುಗಿಸುವಾಗ 83 ಆಗಿರುತ್ತದೆ.

ಈ ಅಂಕಿ ತೋರಿಸಿದಾಗ ಸೊಸೆ ಎಷ್ಟೋ ದಿನದ ಮೇಲೆ ಜೋರಾಗಿ ನಕ್ಕಳು. ಮಗನೂ ನಕ್ಕ. ಸಾಲ ಎಷ್ಟೆಂದು ಗೊತ್ತಾದ ಸಾಲಗಾರ ಅರ್ಧ ಹಗುರಾಗುತ್ತಾನೆ ಎಂಬುದನ್ನು ನಾನು ಕೌಂಟರಿನ ಈಚೆ ಕೂತು ಎಷ್ಟೋ ಸಲ ನೋಡಿದ್ದೇನೆ.

ಇನ್ನು ವಿಂಗಡಣೆ. ಉಳಿತಾಯ ಖಾತೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಗ್ರಾಹಕ ಏನೂ ವ್ಯವಹಾರ ಮಾಡದಿದ್ದರೆ ಅದನ್ನು ನಿಷ್ಕ್ರಿಯ ಖಾತೆ ಎನ್ನುತ್ತಾರೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ವಾರಸುದಾರ ಬಂದು ಕೇಳಿದರೆ ವಾಪಸು ಕೊಡುತ್ತಾರೆ. ಅದೇ ಕಟ್ಟಳೆ ಇಲ್ಲಿಗೂ ಹಾಕಿದೆ. ಕೊಂಡು ಎರಡು ವರ್ಷ ದಾಟಿಯೂ ತೆರೆಯದವಕ್ಕೆ ಹಸಿರು ಶಾಯಿ. ಒಂದೊಂದರ ಹೆಸರು ಓದಿ, ‘ಇವತ್ತು ಇದು ನಿನ್ನ ಹತ್ತಿರ ಇಲ್ಲದಿದ್ದರೆ ಪೂರ್ತಿ ಬೆಲೆ ಕೊಟ್ಟು ಕೊಳ್ತೀಯಾ?’ ಎಂದು ಕೇಳಿದೆ. 70 ಆಟಕ್ಕೆ ‘ಇಲ್ಲ’ ಅಂದ.

‘ಆದರೆ ದುಡ್ಡು ಕೊಟ್ಟಿದೀನಲ್ಲ ಅಪ್ಪ?’ ಅನ್ನುವುದು ಅವನ ಸಂಕಟ. ಬಿ.ಕಾಂ.ನಲ್ಲಿ ನಮಗೆ ಕಾಸ್ಟಿಂಗ್ ಕಲಿಸುವಾಗ ‘ಸಂಕ್ ಕಾಸ್ಟ್’ ಎಂದು ಹೇಳಿಕೊಟ್ಟಿದ್ದರು, ಮುಳುಗಿದ ವೆಚ್ಚ. ಬಾವಿಗೆ ಬಿದ್ದ ನಾಣ್ಯಕ್ಕಾಗಿ ಹಗ್ಗ ಕೊಳ್ಳಬಾರದು. ಐನೂರು ರೂಪಾಯಿ ಹೋಗಿದೆ ಎಂದು ಮನಸ್ಸಿಲ್ಲದ ಆಟಕ್ಕೆ ಮೂವತ್ತು ಗಂಟೆ ಕೂತರೆ ನಷ್ಟ ಎರಡಾಗುತ್ತದೆ. ಹಾಗಾಗಿ ಆ 70ನ್ನೂ ರೈಟ್ ಆಫ್ ಮಾಡಿದೆವು. ಪತ್ರಿಕೆಯಲ್ಲಿ ಓದಿ ಬಹಳ ಮಂದಿ ರೈಟ್ ಆಫ್ ಎಂದರೆ ಸಾಲ ಮನ್ನಾ ಎಂದುಕೊಳ್ಳುತ್ತಾರೆ. ಅಲ್ಲ. ಬ್ಯಾಂಕು ತನ್ನ ಲೆಕ್ಕದ ಹಾಳೆಯಿಂದ ಅದನ್ನು ತೆಗೆದುಹಾಕುತ್ತದೆ, ವಸೂಲಿ ಪ್ರಯತ್ನ ಮಾತ್ರ ನಡೆದೇ ಇರುತ್ತದೆ. ಸ್ಟೀಮಿನಲ್ಲೂ ಆಟವನ್ನು ಪಟ್ಟಿಯಿಂದ ಮರೆಮಾಡುವ ಸೌಲಭ್ಯ ಇದೆ. ಕಣ್ಣಿಗೆ ಕಾಣುವುದಿಲ್ಲ, ಬೇಕೆಂದಾಗ ತೆಗೆಯಬಹುದು. 70 ಮರೆಯಾದವು. ಉಳಿದ ಬಾಕಿ 56.

ಮುಗಿಯದೇ ಉಳಿದ ಆಟಗಳಲ್ಲಿ ಇನ್ನೊಂದು ಗೆರೆ ಎಳೆಯಬೇಕಾಯಿತು. ಮಕ್ಕಳು ಎದ್ದಿರುವಾಗ ಆಡಬಹುದಾದವು, ಮಲಗಿದ ಮೇಲಷ್ಟೇ ಆಡಬೇಕಾದವು. ಉದಾಹರಣೆಗೆ ಪೋಲೆಂಡಿನವರು 2015ರಲ್ಲಿ ತಂದ ‘ದಿ ವಿಚರ್ 3’ ದೊಡ್ಡವರ ಆಟ. ಯುರೋಪಿನ ವಯೋಮಿತಿಯ ಪ್ರಕಾರ 18 ದಾಟಿದವರಿಗೆ. ಮುಖ್ಯ ಕಥೆಗೇ ಸುಮಾರು 50 ಗಂಟೆ. ಮಗ ಅದನ್ನು ನಾಲ್ಕು ಸಲ ಶುರು ಮಾಡಿದ್ದಾನೆ. ಪ್ರತಿಸಲವೂ ಮಧ್ಯೆ ಯಾರಿಗೋ ಜ್ವರ, ಯಾವುದೋ ಗೃಹಪ್ರವೇಶ, ತಿಂಗಳೆರಡು ಕಳೆದು ಬಂದರೆ ಕತ್ತಿ ಬೀಸುವ ಗುಂಡಿ ಯಾವುದು, ಯಾರನ್ನು ಹುಡುಕಿಕೊಂಡು ಈ ಊರಿಗೆ ಬಂದೆ, ಏನೂ ನೆನಪಿಲ್ಲ. ಮತ್ತೆ ಮೊದಲಿನಿಂದ. ಇದಕ್ಕೆ ಬ್ಯಾಂಕಿನ ಮದ್ದೇ ಇದೆ. ನಾವು ರಜೆ ಹೋಗುವಾಗ ಪಕ್ಕದ ಸೀಟಿನವನಿಗೆ ಒಂದು ಚೀಟಿ ಬರೆದಿಡುತ್ತಿದ್ದೆವು: ಇಂಥ ಡ್ರಾಫ್ಟು ಅಡ್ವೈಸ್ ಬಂದಿಲ್ಲ, ಇಂಥವರು ಗುರುವಾರ ಬರುತ್ತಾರೆ. ಈಗ ಮಗ ಆಟ ನಿಲ್ಲಿಸುವ ಮುಂಚೆ ಮೂರು ಸಾಲು ಚೀಟಿ ಬರೆದು ಟಿವಿ ಹಿಂದೆ ಅಂಟಿಸುತ್ತಾನೆ. ಐದನೇ ಸಲದ ಆಟ ಹದಿನೆಂಟನೇ ಗಂಟೆಯಲ್ಲಿದೆ. ಅಪ್‌ಡೇಟುಗಳನ್ನು ಬೆಳಿಗ್ಗೆ ನೀರು ಬರುವ ಹೊತ್ತಿಗೇ ಹಾಕಿಬಿಡುವುದು ನನ್ನ ಡ್ಯೂಟಿ.

ಮಕ್ಕಳ ಗೆರೆಯ ಆಟಗಳು ಬೇಗ ಬೇಗ ಕರಗಿದವು. ‘ಅನ್‌ಟೈಟಲ್ಡ್ ಗೂಸ್ ಗೇಮ್’ ಎಂಬುದು ಆಸ್ಟ್ರೇಲಿಯಾದ ನಾಲ್ಕಾರು ಜನ ಸೇರಿ ಮಾಡಿದ್ದು. ನಾವೇ ಒಂದು ಹೆಬ್ಬಾತು. ಊರಿನವರಿಗೆಲ್ಲ ಕಾಟ ಕೊಡುವುದೇ ಕೆಲಸ: ತೋಟದ ಮಾಲಿಯ ಕೀಲಿ ಕದಿಯುವುದು, ಅವನ ಕುಂಟೆಯನ್ನು ಕೊಳಕ್ಕೆ ಎಸೆಯುವುದು. ಇಬ್ಬರು ಎರಡು ಬಾತುಗಳಾಗಿಯೂ ಆಡಬಹುದು. ಪುಟ್ಟಿಗೆ ‘ಹಾಂಕ್’ ಎನ್ನಿಸುವ ಗುಂಡಿ ಒಂದಿದ್ದರೆ ಸಾಕು, ಉಳಿದದ್ದು ಅಣ್ಣನ ಪಾಲು. ಮನೆಯಲ್ಲಿ ನನ್ನ ಕನ್ನಡಕ ಕಾಣೆಯಾಗಲು ಶುರುವಾದದ್ದು ಆಮೇಲೆಯೇ.

‘ವೆನ್ಬಾ’ ಬೇರೆ ಥರದ್ದು. ಕೆನಡಾದ ಟೊರಾಂಟೊದಲ್ಲಿ ತಯಾರಾಗಿ 2023ರಲ್ಲಿ ಬಂದದ್ದು. ಎಂಬತ್ತರ ದಶಕದಲ್ಲಿ ಅಲ್ಲಿಗೆ ಹೋದ ಒಂದು ತಮಿಳು ಸಂಸಾರದ ಕಥೆ. ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದು ಅಕ್ಷರ ಅಳಿಸಿದೆ, ಏನು ಹೋಗಿದೆ ಎಂದು ಊಹಿಸಿ ಅಡುಗೆ ಮಾಡಬೇಕು. ಮೊದಲ ಅಡುಗೆ ಇಡ್ಲಿ. ನನ್ನವಳು ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ದಿವಾನದ ಮೇಲಿಂದಲೇ ಮೊಮ್ಮಗನಿಗೆ ಅಪ್ಪಣೆ ಕೊಟ್ಟಳು: ‘ಮೊದಲು ತಳಕ್ಕೆ ನೀರು ಹಾಕೋ.’ ಎರಡು ಗಂಟೆಯೊಳಗೆ ಆಟ ಮುಗಿಯಿತು. ಬೆಳೆದ ಮಗನಿಗೆ ಅಮ್ಮನ ಭಾಷೆ ತೊದಲುವ ಭಾಗ ಬಂದಾಗ ಅವಳು ಮಾತು ನಿಲ್ಲಿಸಿದಳು. ನನ್ನ ಮಗಳ ಮಕ್ಕಳು ಟೆಕ್ಸಾಸಿನಲ್ಲಿದ್ದಾರೆ.

ನಡುವೆ ಒಂದು ಕಾನೂನಿನ ಮಾತು. ಈ ಆಟಗಳು ನಮ್ಮ ಆಸ್ತಿಯಲ್ಲ. ದುಡ್ಡು ಕೊಟ್ಟು ನಾವು ಪಡೆಯುವುದು ಆಡುವ ಪರವಾನಗಿ ಮಾತ್ರ. ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ ಎಂದು ಕರಾರಿನಲ್ಲೇ ಇದೆ. ಹತ್ತು ರೂಪಾಯಿ ಇರುವ ಉಳಿತಾಯ ಖಾತೆಗೂ ನಾಮಿನಿ ಬರೆಸಬಹುದು, ಲಕ್ಷ ರೂಪಾಯಿಯ ಆಟಗಳಿಗೆ ನಾಮಿನಿ ಇಲ್ಲ. ಹಳೆಯ ಮಾರಿಯೋ ಕ್ಯಾಸೆಟ್ಟು ಅಟ್ಟದ ಮೇಲಿದೆ, ಮೊಮ್ಮಗ ಅದರ ವಾರಸುದಾರನಾಗಬಹುದು. ಮುಂದೆ ಮಕ್ಕಳಿಗಾಗುತ್ತದೆ ಎಂದು ಕೂಡಿಡುವವರು ಇದನ್ನು ಗಮನಿಸುವುದು ಒಳ್ಳೆಯದು.

ಪಟ್ಟಿಯಲ್ಲಿ ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದು ಒಂದೇ ಹೆಸರು. ‘ಇಟ್ ಟೇಕ್ಸ್ ಟೂ’. ಸ್ವೀಡನ್ನಿನ ಹೇಜ್‌ಲೈಟ್ ಎಂಬ ಸಂಸ್ಥೆಯದು, 2021ರಲ್ಲಿ ಬಂತು, ಆ ವರ್ಷ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ವರ್ಷದ ಆಟ ಎಂಬ ಪ್ರಶಸ್ತಿ ಪಡೆಯಿತು. ಬೇರೆಯಾಗಲು ಹೊರಟ ಗಂಡ ಹೆಂಡತಿ ಇಬ್ಬರೂ ಗೊಂಬೆಗಳಾಗಿಬಿಡುತ್ತಾರೆ. ಮನೆಯೊಳಗೇ ಹಾದು ಮಗಳ ಹತ್ತಿರ ಮರಳಬೇಕು. ಒಬ್ಬರೇ ಆಡಲು ಬರುವುದೇ ಇಲ್ಲ, ಇಬ್ಬರು ಬೇಕೇ ಬೇಕು. ಕೊಂಡ ವರ್ಷದ ಕಾಲಮ್ಮಿನಲ್ಲಿ 2021, ಆಡಿದ ಗಂಟೆಯಲ್ಲಿ ಸೊನ್ನೆ. ಪುಟ್ಟಿ ಆಗ ಕೈಗೂಸು. ‘ಇದು ಯಾರ ಜೊತೆ ಆಡೋಕೆ ತಗೊಂಡಿದ್ದು?’ ಎಂದು ಕೇಳಿದೆ. ಮಗ ಅಡುಗೆಮನೆ ಕಡೆ ನೋಡಿದ. ಸೊಸೆಗೆ ಅದು ಗೊತ್ತೇ ಇರಲಿಲ್ಲ.

ಶನಿವಾರದ ಫಿಸಿಯೋಥೆರಪಿ, ಈಜು ಎರಡನ್ನೂ ನಾನು ವಹಿಸಿಕೊಂಡೆ. ಆಟೋದಲ್ಲಿ ನಾಲ್ಕು ಜನ, ಬರುವಾಗ ದಾರಿಯಲ್ಲಿ ಮಸಾಲೆ ದೋಸೆ. ಸಂಜೆ ನಾಲ್ಕರಿಂದ ಆರೂವರೆ ಮನೆಯಲ್ಲಿ ಅವರಿಬ್ಬರೇ. ಸೊಸೆ ಹುಟ್ಟಿದಾರಭ್ಯ ಕಂಟ್ರೋಲರ್ ಹಿಡಿದವಳಲ್ಲ. ಆಟದಲ್ಲೊಂದು ಕಡೆ ಗಂಡ ಗೋಡೆಗೆ ಮೊಳೆ ಎಸೆಯಬೇಕು, ಹೆಂಡತಿ ಆ ಮೊಳೆಗೆ ಸುತ್ತಿಗೆ ಸಿಕ್ಕಿಸಿ ಜೋತಾಡಿ ಆಚೆ ದಾಟಬೇಕು. ಮೊದಲ ವಾರ ನಾವು ವಾಪಸು ಬಂದಾಗ ಬಾಗಿಲ ಹೊರಗೇ ಕೇಳಿಸುತ್ತಿತ್ತು: ‘ನೀವು ಮೊಳೆ ಸರಿಯಾಗಿ ಹೊಡೀರಿ ಮೊದಲು!’ ‘ನೀನು ಹಾರೋದು ಲೇಟು ಮಾರಾಯ್ತಿ!’ ಜಗಳವೇ, ಆದರೆ ನಗುತ್ತಾ. ಪುಟ್ಟಿ ಬೆಲ್ ಒತ್ತಲು ಹೋದಳು. ನನ್ನವಳು ಅವಳ ಕೈ ಹಿಡಿದು, ಇನ್ನೊಂದು ಸುತ್ತು ಪಾರ್ಕಿನ ಕಡೆ ಹೋಗೋಣ ಅಂದಳು. ಮೊಣಕಾಲು ನೋವಿನವಳು!

ಐದು ಶನಿವಾರ ಆಗಿದೆ. ಒಂದು ವಾರ ಮೊಮ್ಮಗನಿಗೆ ಜ್ವರ, ತಪ್ಪಿತು. ಲೆಡ್ಜರಿನಲ್ಲಿ ಈಗ ಒಂಬತ್ತು ಗಂಟೆ. ಇನ್ನು ನಾಲ್ಕೈದು ಗಂಟೆಯ ಆಟ ಬಾಕಿ. ಉಳಿದವುಗಳ ಬಗ್ಗೆ ಮಗ ಕೇಳುತ್ತಿಲ್ಲ. ಮೊನ್ನೆ ಸೊಸೆ ನನ್ನ ಪುಸ್ತಕ ತೆಗೆದು ಹಸಿರು ಶಾಯಿಯ ಸಾಲುಗಳ ಮೇಲೆ ಬೆರಳಾಡಿಸುತ್ತಾ, ‘ಮಾವ, ಇದರಲ್ಲಿ ಇಬ್ಬರು ಆಡೋದು ಬೇರೆ ಯಾವುದಾದರೂ ಇದೆಯಾ?’ ಅಂದಳು. ಮೂರಿವೆ. ಒಂದಕ್ಕೆ ಅಪ್‌ಡೇಟ್ ಹಾಕಿಟ್ಟಿದ್ದೇನೆ.