ಮುನಜ್ಜಿಮನೂ ನಜೂಮಿಯೂ

ಅರಬಿಯಲ್ಲಿ ‘ನಜ್ಮ್’ ಎಂದರೆ ನಕ್ಷತ್ರ. ಅದರಿಂದ ಬಂದ ‘ಮುನಜ್ಜಿಮ್’ ನಕ್ಷತ್ರಗಳನ್ನು ಅವಲೋಕಿಸುವವನು. ಗ್ರಹಗಳ ಗತಿಯನ್ನು ಗಣಿಸಿದವನೂ, ಅದೇ ಗ್ರಹಗಳನ್ನು ನೋಡಿ ಸುಲ್ತಾನನ ದಂಡಯಾತ್ರೆಗೆ ಗಳಿಗೆ ಕಟ್ಟಿದವನೂ ಮಧ್ಯಯುಗದಲ್ಲಿ ಈ ಒಂದೇ ಹೆಸರನ್ನು ಹೊತ್ತರು. ಉರ್ದುವಿನ ‘ನಜೂಮಿ’ಯಲ್ಲಿ ಉಳಿದದ್ದು ಭವಿಷ್ಯ ಹೇಳುವವನು ಮಾತ್ರ. ಗಣಿತವನ್ನೂ ಫಲವನ್ನೂ ಒಟ್ಟಿಗೆ ಹೊತ್ತ ನಮ್ಮ ‘ಜ್ಯೋತಿಷ’ ಪದದ ಪಾಡೂ ಹೆಚ್ಚು ಭಿನ್ನವಲ್ಲ.

ಈ ಗೊಂದಲವನ್ನೇ ಬಂಡವಾಳ ಮಾಡಿಕೊಂಡವರು ನಮ್ಮ ಸಮುದಾಯದಲ್ಲೂ ಇದ್ದಾರೆ. ‘ಹಿಂದಿನ ಮಹಾನ್ ವಿದ್ವಾಂಸರೇ ಮುನಜ್ಜಿಮರಾಗಿರಲಿಲ್ಲವೇ?’ ಎಂದು ಅವರು ಕೇಳುತ್ತಾರೆ. ಆಗಿದ್ದರು, ನಿಜ. ಅಲ್‌ಬೀರೂನಿ ಫಲಜ್ಯೋತಿಷದ ಪರಿಚಯಗ್ರಂಥವನ್ನೂ ಬರೆದರು. ಅದನ್ನು ನಾವು ಮರೆಮಾಚಬೇಕಿಲ್ಲ. ಆದರೆ ಇಬ್ನ್ ಸೀನಾ ಆ ವಿದ್ಯೆಯನ್ನು ಖಂಡಿಸಿಯೇ ಒಂದು ಪ್ರಬಂಧ ಬರೆದರೆಂಬುದನ್ನು ಇವರು ಹೇಳುವುದಿಲ್ಲ. ವಿದ್ವಾಂಸರು ಪದಗಳನ್ನೇ ಬೇರ್ಪಡಿಸಿದರೆಂಬುದನ್ನೂ ಹೇಳುವುದಿಲ್ಲ: ಆಕಾಶಕಾಯಗಳ ರಚನೆಯ ವಿದ್ಯೆ ‘ಇಲ್ಮುಲ್ ಹೈಅ’, ನಕ್ಷತ್ರಗಳಿಂದ ವಿಧಿ ಓದುವುದು ‘ಅಹ್ಕಾಮುನ್ನುಜೂಮ್’. ಮಸೀದಿಗಳು ತಮ್ಮಲ್ಲಿ ನೇಮಿಸಿಕೊಂಡದ್ದು ನಮಾಝಿನ ವೇಳೆ ಲೆಕ್ಕಹಾಕುವ ‘ಮುವಕ್ಕಿತ್’ನನ್ನು. ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಆ ಹುದ್ದೆಯಲ್ಲಿದ್ದ ಇಬ್ನುಶ್ಶಾತಿರ್ 1371ರಲ್ಲಿ ಅಲ್ಲಿನ ಮಿನಾರಿಗಾಗಿ ನೆರಳುಗಡಿಯಾರವೊಂದನ್ನು ರಚಿಸಿದರು. ಅವರ ಕೀರ್ತಿಯನ್ನು ತಾಯಿತ ಮಾರುವವನಿಗೆ ಎರವಲು ಕೊಡುವುದು ಯಾವ ನ್ಯಾಯ?

ನಕ್ಷತ್ರಗಳನ್ನು ನೋಡಬಾರದೆಂದು ನಾವು ಹೇಳುತ್ತಿಲ್ಲ. ನೆಲದ ಮತ್ತು ಕಡಲಿನ ಕತ್ತಲೆಯಲ್ಲಿ ದಾರಿ ಕಾಣಲೆಂದು ಅಲ್ಲಾಹನು ಅವುಗಳನ್ನು ಮಾಡಿದನೆಂದು ಪವಿತ್ರ ಕುರ್‌ಆನಿನ ಅನ್‌ಆಮ್ ಅಧ್ಯಾಯ ತಿಳಿಸುತ್ತದೆ. ದಾರಿ ತೋರುವುದು ಬೇರೆ, ಹಣೆಬರಹ ತೋರುವುದು ಬೇರೆ. ಅಗೋಚರದ ಜ್ಞಾನ ಅಲ್ಲಾಹನೊಬ್ಬನದೇ ಎಂದು ನಂಬುವವನು ಮದುವೆಯ ದಿನಕ್ಕಾಗಿ ನಜೂಮಿಯ ಬಾಗಿಲು ತಟ್ಟಿದರೆ, ಅದು ಹಾನಿಯಿಲ್ಲದ ವಾಡಿಕೆಯಲ್ಲ. ಅವನ ತೌಹೀದಿಗೇ ಬೀಳುವ ಪೆಟ್ಟು.

ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಹೋದ ದಿನ ಸೂರ್ಯಗ್ರಹಣವಾಯಿತು. ಆ ಸಾವಿಗಾಗಿಯೇ ಸೂರ್ಯ ಕಪ್ಪಾದನೆಂದು ಜನರು ಮಾತಾಡಿಕೊಂಡರು. ದುಃಖದಲ್ಲಿದ್ದ ತಂದೆ ಸುಮ್ಮನಿದ್ದಿದ್ದರೆ ಸಾಕಿತ್ತು, ಜನರ ಕಣ್ಣಲ್ಲಿ ಅವರ ಮನೆತನದ ಮಹಿಮೆ ಇನ್ನಷ್ಟು ಬೆಳೆಯುತ್ತಿತ್ತು. ಅವರು ಸುಮ್ಮನಿರಲಿಲ್ಲ. ಸೂರ್ಯಚಂದ್ರರು ಅಲ್ಲಾಹನ ಎರಡು ನಿದರ್ಶನಗಳು, ಯಾರ ಹುಟ್ಟುಸಾವಿಗೂ ಅವುಗಳಿಗೆ ಗ್ರಹಣ ಹಿಡಿಯದು ಎಂದು ಎಲ್ಲರೆದುರು ತಿಳಿಸಿದರು. ಮಗನ ಸಾವನ್ನೇ ಆಕಾಶಕ್ಕೆ ಗಂಟುಹಾಕಲು ಒಪ್ಪದ ಆ ಪ್ರವಾದಿಯ ಅನುಯಾಯಿಗಳು, ಹುಟ್ಟಿದ ಮಗುವಿನ ಹೆಸರಿಗೆ ‘ಸಿತಾರಾ’ ಕೂಡಿಬರುತ್ತದೆಯೇ ಎಂದು ಯಾರನ್ನು ಕೇಳಲು ಹೊರಟಿದ್ದಾರೆ?