ಇರೋ ಕಾನೂನೇ ಸಾಕಾ?



ಮೊನ್ನೆ ಆಫೀಸಲ್ಲಿ ಟೀ ಕುಡಿಯುವಾಗ, ಎಐ ಬಳಸಿ ವಿಷಾನಿಲ, ರೋಗಾಣು ಅಸ್ತ್ರ ಮಾಡುವ ಅಪಾಯದ ಬಗ್ಗೆ ಮಾತೆತ್ತಿದೆ. ಸಹೋದ್ಯೋಗಿಯೊಬ್ಬರು ನಕ್ಕರು: "ನಿಮಗ್ಯಾಕೆ ಸಾರ್ ಇದೆಲ್ಲ? ನೀವು ಮೀಸಲಾತಿ ನೋಡ್ಕೊಳ್ಳಿ."

ನಮಗ್ಯಾಕೆ ಅಂತ ಹೇಳ್ತೀನಿ, ಕೇಳಿ.

ಇದು ಸಿನಿಮಾ ಕಥೆಯಲ್ಲ. ಅಮೆರಿಕದ ಸಣ್ಣ ಔಷಧ ಸಂಶೋಧನಾ ಕಂಪನಿಯೊಂದು ಔಷಧ ಹುಡುಕುವ ತನ್ನ ಎಐಗೆ 'ವಿಷ ಹುಡುಕು' ಅಂತ ಹೇಳಿ ನೋಡಿತು. ಆರೇ ಗಂಟೆಯೊಳಗೆ ಅದು 40,000 ಅಣುಗಳ ಪಟ್ಟಿ ಕೊಟ್ಟಿತು. ವಿಎಕ್ಸ್ ಎಂಬ ನರವಿಷವೂ ಅದರಲ್ಲಿತ್ತು. ಜಗತ್ತನ್ನು ಎಚ್ಚರಿಸಲು ಆ ವಿಜ್ಞಾನಿಗಳೇ ಇದನ್ನು 2022ರಲ್ಲಿ ಪ್ರಕಟಿಸಿದರು. ಪಟ್ಟಿ ಸಿಕ್ಕ ಮಾತ್ರಕ್ಕೆ ಅಸ್ತ್ರ ಆಗಲ್ಲ, ಸಾಮಗ್ರಿ ಬೇಕು, ಲ್ಯಾಬು ಬೇಕು. ಆದರೆ ದಾರಿ ಹತ್ತಿರವಾಯ್ತಲ್ಲ?

ಸರ್ಕಾರಗಳು ಏನು ಮಾಡಿದವು? ದೊಡ್ಡ ಎಐ ಕಂಪನಿಗಳು ಸುರಕ್ಷತಾ ಪರೀಕ್ಷೆಯ ಫಲಿತಾಂಶ ಸರ್ಕಾರಕ್ಕೆ ಕೊಡಬೇಕು ಅಂತ 2023ರ ಅಕ್ಟೋಬರಿನಲ್ಲಿ ಬೈಡನ್ ಆದೇಶ ಹೊರಡಿಸಿದರು. 2025ರ ಜನವರಿ 20ರಂದು, ಅಧಿಕಾರಕ್ಕೆ ಬಂದ ದಿನವೇ ಟ್ರಂಪ್ ಅದನ್ನು ರದ್ದು ಮಾಡಿದರು. ನಾನು ಗುಮಾಸ್ತ. ಆದೇಶಕ್ಕೂ ಕಾಯ್ದೆಗೂ ಇರುವ ವ್ಯತ್ಯಾಸ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಸಹಿಯಲ್ಲಿ ಬಂದದ್ದು ಇನ್ನೊಂದು ಸಹಿಯಲ್ಲಿ ಹೋಗುತ್ತೆ.

ಕ್ಯಾಲಿಫೋರ್ನಿಯಾದ ಶಾಸಕರು ಕಾಯ್ದೆಯನ್ನೇ ತರಲು ಹೊರಟರು. ತಮ್ಮ ಎಐ ಸಾಮೂಹಿಕ ಸಾವಿನ ಅಸ್ತ್ರಗಳಿಗೆ ನೆರವಾಗದಂತೆ ಕಂಪನಿಗಳೇ ಮುನ್ನೆಚ್ಚರಿಕೆ ವಹಿಸಬೇಕು ಅನ್ನೋ ಮಸೂದೆ ಅದು. 2024ರ ಸೆಪ್ಟೆಂಬರಿನಲ್ಲಿ ಗವರ್ನರ್ ನ್ಯೂಸಮ್ ತಡೆದರು. ಹೆಸರು ನೆನಪಾಯ್ತಾ? 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸುವ ಮಸೂದೆಯನ್ನು 'ಅನಗತ್ಯ, ಇರೋ ಕಾನೂನೇ ಸಾಕು' ಅಂತ ವಾಪಸ್ ಕಳಿಸಿದವರೂ ಇವರೇ. 2025ರಲ್ಲಿ ಎಐ ಬಗ್ಗೆ ಅದಕ್ಕಿಂತ ತೆಳುವಾದ ಕಾಯ್ದೆಗೆ ಸಹಿ ಹಾಕಿದರು. ಕಂಪನಿಗಳು ಸುರಕ್ಷತಾ ಯೋಜನೆ ಪ್ರಕಟಿಸಬೇಕು, ಗಂಭೀರ ಅವಘಡ ವರದಿ ಮಾಡಬೇಕು, ಒಳಗಿಂದ ದನಿ ಎತ್ತುವ ನೌಕರರಿಗೆ ರಕ್ಷಣೆ ಇರಬೇಕು. ಅಷ್ಟಾದರೂ ಬಂತು.

ನಮ್ಮಲ್ಲಿ? 2023ರಲ್ಲಿ ಬ್ಲೆಚ್ಲಿ ಘೋಷಣೆಗೆ ಭಾರತವೂ ಸೇರಿತು. ಎಐನಿಂದ ಮಹಾ ಅನಾಹುತ ಆಗಬಹುದು ಅಂತ ಒಪ್ಪಿಕೊಂಡಿತು. 2025ರ ನವೆಂಬರಿನ ಮಾರ್ಗಸೂಚಿಯಲ್ಲಿ ಮಾತ್ರ, ಸದ್ಯಕ್ಕೆ ಪ್ರತ್ಯೇಕ ಕಾಯ್ದೆ ಬೇಡ ಎಂದಿತು. ಮತ್ತದೇ ಹಾಡು: ಇರೋ ಕಾನೂನೇ ಸಾಕು.

ಈ ಹಾಡು ನಮಗೆ ಬಾಯಿಪಾಠ. ಸಂವಿಧಾನದ 17ನೇ ವಿಧಿ ಇತ್ತು, 1955ರ ಕಾಯ್ದೆಯೂ ಇತ್ತು. ಆದರೂ 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಯಾಕೆ ಬೇಕಾಯ್ತು? ಬಲಾಢ್ಯರ ಮನಪರಿವರ್ತನೆಗೆ ಕಾಯುತ್ತಾ ಕೂತರೆ ನಮ್ಮ ಹೆಣ ಬೀಳುತ್ತೆ. ಬಾಬಾಸಾಹೇಬರು ಬೇಡಿದ್ದು ಕರುಣೆಯನ್ನಲ್ಲ, ಕಾನೂನಿನ ರಕ್ಷಣೆಯನ್ನು.

ಭೋಪಾಲ ಮರೆಯಬೇಡಿ. 1984ರ ಡಿಸೆಂಬರಿನ ಆ ರಾತ್ರಿ ವಿಷಾನಿಲ ಮೊದಲು ನುಗ್ಗಿದ್ದು ಬಂಗಲೆಗಳಿಗಲ್ಲ, ಕಾರ್ಖಾನೆ ಪಕ್ಕದ ಬಡವರ ಬಸ್ತಿಗಳಿಗೆ. ನಾಳೆ ಏನಾದರೂ ಆದರೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದವರು ಯಾರು? ಹೆಣ ಎತ್ತೋಕೆ, ಚರಂಡಿ ತೊಳೆಯೋಕೆ ಕರೆಸೋದು ಯಾರನ್ನ?

ಹಾಗಾಗಿ ಸಾರ್, ಇದು ನಮ್ಮದೇ ವಿಷಯ. ಮಾರ್ಗಸೂಚಿ ಬೇಡ, ಶಿಕ್ಷೆ ಇರುವ ಕಾಯ್ದೆ ಬೇಕು. ಅದನ್ನು ಬರೆಯುವ ಮೇಜಿನ ಮುಂದೆ ನಮಗೂ ಕುರ್ಚಿ ಬೇಕು.

ಜೈ ಭೀಮ್.